ತೂಕದ ಮುದ್ದೆ, ಅಡಿಕೆಯಷ್ಟು ಚಿಗಳಿ

ಆ ಹುಡುಗಿಯನ್ನು ಎರಡನೆಯ ಸಲ ನಮ್ಮ ಆಸ್ಪತ್ರೆಗೆ ಹೊತ್ತು ತಂದಾಗ ಅವಳ ಹೊಟ್ಟೆಯಲ್ಲಿ ಒಂದಿಷ್ಟು ಬೆಂದ ಸೊಪ್ಪು, ನೀರು ಮಜ್ಜಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೈಯೆಲ್ಲ ಬೆವರಿನಿಂದ ತೊಯ್ದುಹೋಗಿತ್ತು. ಹಲ್ಲು ಕಚ್ಚಿಕೊಂಡಿತ್ತು, ಕೈಕಾಲು ಸೆಟೆಯುತ್ತಿದ್ದವು. ತಂದೆ ಅವಳನ್ನು ಜಟಕಾದಿಂದ ಇಳಿಸಿ ತೋಳಿನ ಮೇಲೆ ಹಾಕಿಕೊಂಡು ವಾರ್ಡಿಗೆ ಬಂದರು. ಹಿಂದೆಯೇ ತಾಯಿ, "ಏನೂ ಕೊಟ್ಟಿಲ್ಲ ಕಣ್ರವ್ವ, ಒಂದಗುಳು ಅನ್ನ ಕೊಟ್ಟಿಲ್ಲ, ಒಂದು ತುತ್ತು ಮುದ್ದೆ ಕೊಟ್ಟಿಲ್ಲ, ನೀವು ಏಳಿದಂಗೇ ಮಾಡಿವ್ನಿ" ಎಂದು ಅಳುತ್ತಾ ಬಂದರು.

ನಾನು ಆಗ ಹೆಂಗಸರ ವಾರ್ಡಿನ ಸಿಸ್ಟರ್. ರೋಗಿಗಳ ಪಥ್ಯದ ಅಡುಗೆಮನೆಯನ್ನೂ ನನ್ನ ತಲೆಗೇ ಕಟ್ಟಿದ್ದರು. ಹುಡುಗಿಯ ಸ್ಥಿತಿ ನೋಡಿದ ಕೂಡಲೇ ವಿಷಯ ಏನೆಂದು ಗೊತ್ತಾಯಿತು. ಸಣ್ಣ ಡಾಕ್ಟರು ದೊಡ್ಡ ಸಿರಿಂಜಿನಲ್ಲಿ ಗ್ಲೂಕೋಸ್ ತುಂಬಿಕೊಂಡು ನಿಧಾನವಾಗಿ ಅವಳ ನರಕ್ಕೆ ಬಿಟ್ಟರು. ಸಿರಿಂಜು ಖಾಲಿಯಾಗುವ ಮೊದಲೇ ಹುಡುಗಿ ಕಣ್ಣು ಬಿಟ್ಟು, "ಅವ್ವ, ಹಸಿವು" ಎಂದಳು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ನೀರನ್ನೇ ಚುಚ್ಚುವುದನ್ನು ಕಂಡು ತಂದೆ ಹೌಹಾರಿದ್ದರು. ಮಗಳು ಮಾತಾಡಿದ್ದು ಕೇಳಿ ಗೋಡೆಗೆ ಒರಗಿ ಕುಳಿತುಬಿಟ್ಟರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಎಂದರೆ ಹೊಟ್ಟೆ ಬಂದ ವಕೀಲರಿಗೋ ರಿಟೈರಾದ ಅಮಲ್ದಾರರಿಗೋ ಬರುವಂಥದ್ದು ಎಂದು ಎಲ್ಲರ ತಿಳಿವಳಿಕೆ. ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವರ ಕಡ್ಡಿಯಂಥ ಮಗಳಿಗೆ ಅದು ಬರುತ್ತದೆ ಎಂದರೆ ನಂಬುವವರಿರಲಿಲ್ಲ. ಕೆಲವು ವಾರಗಳ ಹಿಂದೆ ಅವಳು ಮೊದಲ ಸಲ ಬಂದಾಗ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಆ ಸಲ ದೊಡ್ಡ ಡಾಕ್ಟರೇ ನಿಂತು ಉಳಿಸಿದ್ದರು. ಮನೆಗೆ ಕಳಿಸುವಾಗ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಹಾಕುವುದನ್ನು ತಂದೆಗೆ ಕಲಿಸಿ, "ಸಕ್ಕರೆ ಬೆಲ್ಲ ಮುಟ್ಟಕೂಡದು. ಅನ್ನ, ಮುದ್ದೆ ಕಡಿಮೆ ಮಾಡಿ" ಎಂದು ಹೇಳಿದ್ದರು.

ಎಡವಟ್ಟಾದದ್ದು ಆ 'ಕಡಿಮೆ'ಯಲ್ಲಿ. ನಮ್ಮ ಜನಕ್ಕೆ ಪಥ್ಯ ಎಂದರೆ ಬಿಡುವುದು. ಕಾಮಾಲೆ ಬಂದರೆ ಎಣ್ಣೆ ಬಿಡುತ್ತಾರೆ, ಕಜ್ಜಿಯಾದರೆ ಬದನೆಕಾಯಿ ಬಿಡುತ್ತಾರೆ, ಬಾಣಂತಿಯಾದರೆ ತಣ್ಣೀರು ಬಿಡುತ್ತಾರೆ. ಬಿಡುವುದರಲ್ಲಿ ನಮ್ಮ ಹೆಂಗಸರು ಗಟ್ಟಿಗರು. ಸ್ವಲ್ಪ ತಿನ್ನುವ ಪಥ್ಯ ಎನ್ನುವುದು ಮಾತ್ರ ಯಾವ ಅಜ್ಜಿಯೂ ಹೇಳಿಕೊಟ್ಟಿದ್ದಲ್ಲ. ಡಾಕ್ಟರು ಕಡಿಮೆ ಅಂದರು, ಕಡಿಮೆ ಒಳ್ಳೆಯದಾದರೆ ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಆ ತಾಯಿ ಲೆಕ್ಕ ಹಾಕಿದ್ದರು. ಮಗಳಿಗೆ ಮುದ್ದೆ ಬೇಡವಾದ ಮೇಲೆ ತನಗೂ ಬೇಡ ಎಂದು ಅವರೂ ಸೊಪ್ಪು ತಿಂದುಕೊಂಡಿದ್ದರು. ಬೆಳಿಗ್ಗೆ ಬೆಳಿಗ್ಗೆ ಸೂಜಿ ಮಾತ್ರ ತಪ್ಪಿರಲಿಲ್ಲ.

ನನಗೆ ಬಾಯಿ ಸ್ವಲ್ಪ ಜೋರು. ತಾಯಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿ ಹೇಳಿದೆ: "ನೋಡಮ್ಮ, ಆ ಸೂಜಿ ಒಳಗೆ ಹೋದ ಮೇಲೆ ಅದಕ್ಕೆ ಕೆಲಸ ಬೇಕು. ಮುದ್ದೆ ಅನ್ನದಲ್ಲಿರೋ ಸಕ್ಕರೆಯನ್ನ ಮೈಗೆ ಹತ್ತಿಸೋದೇ ಅದರ ಕೆಲಸ. ನೀನು ಏನೂ ಕೊಡದೆ ಹೋದರೆ ಅದು ರಕ್ತದಲ್ಲಿರೋ ಚೂರುಪಾರನ್ನೂ ಬಳಿದು ಹಾಕುತ್ತೆ. ಆಗ ಮಗು ಹೀಗೆ ಬೀಳುತ್ತೆ."

"ಅಂಗಾರೆ ಸೂಜೀನೂ ಬ್ಯಾಡ, ಮುದ್ದೇನೂ ಬ್ಯಾಡ, ಎರಡ್ನೂ ಬುಟ್ಬುಡಾನ" ಎಂದರು ಆಕೆ.

"ಬಿಟ್ಟು ಏನು ಮಾಡ್ತೀಯ? ಆ ಮೊದಲ ದಿನ ಹೇಗೆ ಬಂದಿತ್ತು ನೆನಪಿದೆಯಾ? ಸೂಜಿ ಇಲ್ಲದಿದ್ದರೆ ಮಗು ಇಲ್ಲ. ಸೂಜಿ ಇದ್ದರೆ ಮುದ್ದೆ ಇರಬೇಕು, ಆದರೆ ಇಷ್ಟೇ ಇರಬೇಕು" ಎಂದು ಮುಷ್ಟಿ ತೋರಿಸಿದೆ. ನನ್ನ ಮುಷ್ಟಿಯನ್ನೂ ತಮ್ಮ ಮುಷ್ಟಿಯನ್ನೂ ನೋಡಿಕೊಂಡು, "ಯಾರ್ ಕೈಯಷ್ಟು?" ಎಂದು ಕೇಳಿದರು. ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ದೊಡ್ಡ ಡಾಕ್ಟರಿಗೂ ನನಗೂ ಈ ವಿಷಯದಲ್ಲಿ ಸ್ವಲ್ಪ ಜಗ್ಗಾಟವಿತ್ತು. ಅವರು ಹಳೆಯ ಕಾಲದಲ್ಲಿ ಓದಿದವರು. ಇನ್ಸುಲಿನ್ ಇಲ್ಲದ ದಿನಗಳಲ್ಲಿ ರೋಗಿಗಳನ್ನು ಉಪವಾಸ ಕೆಡವಿಯೇ ನಾಲ್ಕು ದಿನ ಹೆಚ್ಚು ಬದುಕಿಸುತ್ತಿದ್ದ ಗುರುಗಳ ಕೈಕೆಳಗೆ ಪಳಗಿದವರು. ಹಿಟ್ಟಿನ ಪದಾರ್ಥ ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ ಎನ್ನುವುದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಬೆಳೆಯುವ ಹುಡುಗಿಗೆ ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಕೊಟ್ಟು, ಜೊತೆಗೆ ಕಾಳು, ಸೊಪ್ಪು, ಮಜ್ಜಿಗೆ, ಆಗಾಗ ಒಂದು ಮೊಟ್ಟೆ ಸೇರಿಸಿದರೆ ಸೂಜಿಯೂ ಊಟವೂ ಹೊಂದಿಕೊಳ್ಳುತ್ತವೆ ಎಂದು ನಾನು ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು ಸಿಸ್ಟರ್, ತೂಕ ಮಾಡಿ ಕೊಡಿಸಿ. ಅಂದಾಜಿನ ಮೇಲೆ ಬೇಡ" ಎಂದರು.

ತೂಕ ಮಾಡುವುದು ಆ ಮನೆಯಲ್ಲಿ ದೊಡ್ಡ ವಿಷಯವೇ ಅಲ್ಲ. ತಂದೆ ಹಸಿಮೆಣಸಿನಕಾಯಿ, ಶುಂಠಿ ತೂಗುವ ಚಿಕ್ಕ ತಕ್ಕಡಿಯೊಂದನ್ನು ಅಂಗಡಿಯಿಂದ ತಂದು ತಮ್ಮ ಅಡುಗೆಮನೆಯಲ್ಲಿ ತೂಗುಹಾಕಿದರು. ನಾನು ಆಸ್ಪತ್ರೆಯಲ್ಲಿ ರಾಗಿ ಹಿಟ್ಟು ತೂಗಿ, ಮುದ್ದೆ ತೊಳಸಿ, ಬೆಂದ ಮುದ್ದೆಯನ್ನು ಇನ್ನೊಮ್ಮೆ ತೂಗಿ ತೋರಿಸಿದೆ. ಮುದ್ದೆ ಮೆತ್ತಗಾದರೆ ನೀರಿನ ತೂಕ ಜಾಸ್ತಿ, ಗಟ್ಟಿಯಾದರೆ ಹಿಟ್ಟು ಜಾಸ್ತಿ. ಆದ್ದರಿಂದ ದಿನಾ ಒಂದೇ ಹದ ಇರಬೇಕು. ಅನ್ನವಾದರೆ ಎಷ್ಟು, ರೊಟ್ಟಿಯಾದರೆ ಎಷ್ಟು, ಅವರೆಕಾಳು ಸಾರಿನಲ್ಲಿ ಹೆಚ್ಚಿದ್ದರೆ ಮುದ್ದೆಯಲ್ಲಿ ಎಷ್ಟು ಕಳೆಯಬೇಕು, ಎಲ್ಲ ಹೇಳಿಕೊಟ್ಟೆ. ಬೆಳಿಗ್ಗೆ ಸೂಜಿಯಾದ ಮೇಲೆ ತಿಂಡಿ ತಡವಾಗಬಾರದು, ಸಂಜೆ ನಾಲ್ಕಕ್ಕೆ ಒಂದು ಚೂರು ಏನಾದರೂ ಬಾಯಿಗೆ ಬೀಳಬೇಕು.

ಮೂತ್ರ ಪರೀಕ್ಷೆಯನ್ನು ಹುಡುಗಿಯೇ ಕಲಿತಳು. ಗಾಜಿನ ಕೊಳವೆಯಲ್ಲಿ ಒಂದು ಚಮಚ ನೀಲಿ ದ್ರಾವಣ, ಅದಕ್ಕೆ ಎಂಟು ತೊಟ್ಟು ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಅಲ್ಪಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಆಸ್ಪತ್ರೆಗೆ ಬರಬೇಕು. ವಾರಕ್ಕೊಮ್ಮೆ ತಂದೆಯ ಜೊತೆ ವಾರ್ಡಿಗೆ ಬಂದಾಗ, "ಸಿಸ್ಟರ್, ಈ ವಾರ ಬರೀ ಹಸಿರು. ಅದಕ್ಕೆ ಒಂದು ಹಿಡಿ ಕಡ್ಲೆಕಾಯಿ ತಿನ್ಲಾ?" ಎಂದು ಚೌಕಾಸಿ ಮಾಡುತ್ತಿದ್ದಳು. ಮಾರ್ಕೆಟ್ಟಿನವರ ಮಗಳಲ್ಲವೇ. ನಾನು ಅರ್ಧ ಹಿಡಿಗೆ ಇಳಿಸುತ್ತಿದ್ದೆ. ಬೇಕೆಂದೇ ಅವಳು ದುಪ್ಪಟ್ಟು ಕೇಳುತ್ತಿದ್ದಳು ಎಂದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು.

ಕೆನ್ನೆ ತುಂಬಿಕೊಂಡಿತು, ಕೂದಲಿಗೆ ಹೊಳಪು ಬಂತು. ನನಗೆ ಅವಳನ್ನು ಕಂಡರೆ ಹೆಮ್ಮೆ. ಹೊಸದಾಗಿ ಬಂದ ನರ್ಸುಗಳಿಗೆ ಅವಳನ್ನು ತೋರಿಸಿ, ಮುದ್ದೆ ತಿನ್ನಿಸಿಯೇ ಇವಳನ್ನು ಉಳಿಸಿದ್ದು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ತಾಯಿಗೆ ಮಾತ್ರ ಒಂದು ಕೊರಗಿತ್ತು. ಓರಗೆಯವರೆಲ್ಲ ದೊಡ್ಡವರಾಗಿದ್ದರು, ಇವಳು ಇನ್ನೂ ಆಗಿರಲಿಲ್ಲ. ಕಡಕೊಳದ ಕಡೆಯ ಹಳ್ಳಿಯಲ್ಲಿ ಆಕೆಯ ಅಣ್ಣ ಇದ್ದರು. ಅವರ ಮಗನಿಗೆ ಇವಳೇ ಎಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಅಣ್ಣನಿಗೆ ಸೊಸೆಯ ಮೇಲೆ ಪ್ರಾಣ, ಆದರೆ ಅತ್ತಿಗೆ ಬಿಗಿ ಹೆಂಗಸು. ಹುಡುಗಿಗೆ ಜನ್ಮಕ್ಕೆ ಅಂಟಿದ ಕಾಯಿಲೆ ಇದೆ ಎಂದು ತಿಳಿದರೆ ಆಕೆ ಒಪ್ಪುವುದಿಲ್ಲ. ಅದಕ್ಕೇ ಊರಿನವರಿಗೆಲ್ಲ ಕಾಮಾಲೆ ಎಂದು ಹೇಳಿದ್ದರು. ಅಣ್ಣನಿಗೂ ಅಷ್ಟೇ ಗೊತ್ತು.

ಒಂದು ಬೆಳಿಗ್ಗೆ ತಾಯಿ ಒಬ್ಬರೇ ವಾರ್ಡಿಗೆ ಓಡಿಬಂದರು. ಮುಖ ಅರಳಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈಗುಣ ನರ್ಸಮ್ಮ, ಮಗ ಮೈನೆರೆದ್ಬುಟ್ಟಳು" ಎಂದರು. ನನಗೂ ಸಂತೋಷವಾಯಿತು. ಆಮೇಲೆ ಆಕೆ, "ನಮ್ಮಣ್ಣಂಗೆ ಏಳಿ ಕಳ್ಸೀವ್ನಿ, ನಾಳೆ ಗುಡ್ಲು ಆಕ್ತಾನೆ" ಎಂದಾಗ ನಾನು ಆಕೆಯನ್ನು ಕರೆದುಕೊಂಡು ನೇರ ದೊಡ್ಡ ಡಾಕ್ಟರ ಹತ್ತಿರ ಹೋದೆ.

ಅವರ ಪದ್ಧತಿ ಹೀಗೆ. ಸೋದರಮಾವ ಬಂದು ಹಿತ್ತಿಲಲ್ಲಿ ಹಸಿರು ಸೊಪ್ಪಿನ ಗುಡಿಸಲು ಕಟ್ಟುತ್ತಾನೆ. ನೀರು ಹಾಕಿ ಆರತಿ ಎತ್ತುವ ಒಸಗೆಯ ಶಾಸ್ತ್ರ ಆಗುವವರೆಗೆ ಹುಡುಗಿ ಅದರಲ್ಲೇ ಇರಬೇಕು. ಗಂಡಸರು, ತಂದೆಯೂ ಸೇರಿದಂತೆ, ಅವಳ ಮುಖ ನೋಡುವಂತಿಲ್ಲ. ಅವಳು ಮುಟ್ಟಿದ್ದನ್ನು ಬೇರೆಯವರು ಮುಟ್ಟುವಂತಿಲ್ಲ. ದಿನಾ ನಂಟರ ಹೆಂಗಸರು ಸರದಿಯ ಮೇಲೆ ಬಂದು ಚಿಗಳಿ, ಕೊಬ್ಬರಿ ಬೆಲ್ಲ, ತಂಬಿಟ್ಟು ತಿನ್ನಿಸುತ್ತಾರೆ. ಚಿಗಳಿ ಎಂದರೆ ಎಳ್ಳನ್ನೂ ಬೆಲ್ಲವನ್ನೂ ಕುಟ್ಟಿ ಉಂಡೆ ಮಾಡಿದ್ದು. ಮೈ ಗಟ್ಟಿಯಾಗಲಿ ಎಂದು ತಿನ್ನಿಸುವುದು. ಯಾವ ಹುಡುಗಿಯೂ ಅದನ್ನು ಬೇಡ ಎನ್ನುವುದಿಲ್ಲ. ಬೇಡ ಎಂದರೆ ಇವಳಿಗೇನೋ ಐಬಿದೆ ಎಂದೇ ಅರ್ಥ.

ದೊಡ್ಡ ಡಾಕ್ಟರು ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದರು. "ಬೆಲ್ಲ ಅಂದ್ರೆ ಬೆಲ್ಲ ಸಿಸ್ಟರ್. ಅದಕ್ಕೆ ಎಳ್ಳು ಹಚ್ಚಿದರೆ ಔಷಧಿ ಆಗೋಲ್ಲ. ಅಡ್ಮಿಟ್ ಮಾಡಿಸಿ."

ತಾಯಿ ಅದಕ್ಕೆ ಸುತರಾಂ ಒಪ್ಪಲಿಲ್ಲ. "ಮೈನೆರೆದ ಎಣ್ಣ ತಕ್ಕಂಡೋಗಿ ಆಸ್ಪತ್ರೇಲಿ ಮನುಗ್ಸಿದ್ರೆ ನಮ್ಮತ್ತಿಗೆ ಸುಮ್ನೆ ಬುಟ್ಟಾಳಾ? ಇದೊಂದು ಸಂಬಂದ ತಪ್ಪೋದ್ರೆ ಇವಳನ್ನ ಇನ್ಯಾರು ಮಾಡ್ಕತಾರೆ ನರ್ಸಮ್ಮ? ನಾವು ಇರಗಂಟ ಸೂಜಿ ಆಕ್ತೀವಿ, ಆಮೇಕೆ?" ಎಂದು ಕೇಳಿದರು. ಗಲಾಟೆ ಮಾಡುತ್ತ ಕೇಳಿದ್ದಲ್ಲ. ಮೆಲ್ಲಗೆ ಕೇಳಿದರು.

ಅಡುಗೆಮನೆಗೆ ಹೋಗಿ ಒಬ್ಬಳೇ ಕುಳಿತು ಯೋಚಿಸಿದೆ. ಇಷ್ಟು ತಿಂಗಳು ನಾನು ಆ ಮನೆಗೆ ಕಲಿಸಿದ್ದೇನು? ಪೂರ್ತಿ ಬಿಡುವುದು ಪಥ್ಯವಲ್ಲ, ಸ್ವಲ್ಪವನ್ನು ಲೆಕ್ಕವಿಟ್ಟು ತಿನ್ನುವುದು ಪಥ್ಯ. ಹಾಗಾದರೆ ಚಿಗಳಿಗೂ ಅದೇ ಲೆಕ್ಕ ಯಾಕೆ ಆಗಬಾರದು? ಅಡಿಕೆ ಗಾತ್ರದ ಒಂದು ಚೂರು ಚಿಗಳಿ ಬಾಯಿಗೆ ಹೋದರೆ ಅದಕ್ಕೆ ತಕ್ಕಷ್ಟು ಮುದ್ದೆ ಕಳೆದರಾಯಿತು. ಅದನ್ನು ಬರೀ ಹೊಟ್ಟೆಗೆ ಕೊಡದೆ ಊಟದ ಕೊನೆಗೆ ಕೊಟ್ಟರಾಯಿತು. ಮಿಕ್ಕವರು ತಿನ್ನಿಸಲು ಬಂದಾಗ ಹುಡುಗಿ ನಾಚಿಕೊಂಡವಳ ಹಾಗೆ ಕೈಯಲ್ಲಿ ಇಸಿದುಕೊಂಡು ಮಡಿಲಿಗೆ ಹಾಕಿಕೊಳ್ಳಲಿ. ಡಾಕ್ಟರಿಗೆ ಹೀಗೆಂದು ಹೇಳಿದೆ. ಅವರು, "ನನಗೆ ಇದು ಇಷ್ಟವಿಲ್ಲ. ಆದರೆ ಆ ತಾಯಿ ಹೇಳೋದೂ ಸುಳ್ಳಲ್ಲ. ದಿನಾ ನೀವೇ ಹೋಗಿ ನೋಡೋದಾದರೆ ನಡೀಲಿ" ಎಂದರು.

ಇನ್ನೊಂದು ತೊಡಕಿತ್ತು. ಸೂಜಿ ಹಾಕುತ್ತಿದ್ದವರು ತಂದೆ. ಅವರೀಗ ಗುಡಿಸಲ ಹತ್ತಿರ ಸುಳಿಯುವಂತಿಲ್ಲ. ತಾಯಿಗೆ ಸೂಜಿ ಕಂಡರೇ ಭಯ. ಕೊನೆಗೆ ಹುಡುಗಿಯೇ ಹಾಕಿಕೊಳ್ಳಬೇಕಾಯಿತು. ಆ ಮಧ್ಯಾಹ್ನ ಅವರ ಮನೆಗೆ ಹೋಗಿ, ತಂದೆ ಅಂಗಡಿಯಿಂದ ತಂದಿದ್ದ ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ಅಭ್ಯಾಸ ಮಾಡಿಸಿದೆ. ಔಷಧಿಯ ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ಹೊರಳಿಸಬೇಕು, ಸಿರಿಂಜಿನಲ್ಲಿ ಗಾಳಿಯ ಗುಳ್ಳೆ ಇರಬಾರದು, ಇವತ್ತು ಎಡ ತೊಡೆಯಾದರೆ ನಾಳೆ ಬಲ ತೊಡೆ. ಮೊದಲ ಸಲ ತನ್ನ ತೊಡೆಗೆ ತಾನೇ ಚುಚ್ಚಿಕೊಂಡಾಗ ಕಣ್ಣಲ್ಲಿ ನೀರು ತುಂಬಿಕೊಂಡು, "ಕಿತ್ತಳೆ ಅಳ್ಳಿಲ್ಲ, ನಾನ್ಯಾಕೆ ಅಳ್ಲಿ" ಎಂದು ನಕ್ಕಳು.

ಬೇಸಿಗೆ ಕಾಲ. ಇನ್ಸುಲಿನ್ ಕೆಡದಿರಲು ಅದನ್ನು ಅವರು ಮೊದಲಿನಿಂದಲೂ ಒಂದು ಚಿಕ್ಕ ಮಡಕೆಯಲ್ಲಿ ಒದ್ದೆ ಮರಳಿನ ಮೇಲೆ ಇಡುತ್ತಿದ್ದರು. ಮನೆಯ ತುಂಬ ನಂಟರು ಓಡಾಡುವಾಗ ಮಡಕೆಯನ್ನು ಎಲ್ಲಿಡುವುದು? ಯಾರೂ ಕೈಹಾಕದ ಜಾಗ ಎಂದರೆ ಗುಡಿಸಲು ಎಂದು ತಾಯಿ ಹೇಳಿದರು. ನಮಗೆಲ್ಲ ಅದು ಸರಿ ಎನ್ನಿಸಿತು. ಸೀಸೆ, ಸಿರಿಂಜು, ಸೂಜಿಗಳ ಡಬ್ಬಿ ಎಲ್ಲ ಆ ಮಡಕೆಯೊಳಗೆ ಹೋದವು. ಮೇಲೆ ಒಂದು ಮುಚ್ಚಳ.

ಮರುದಿನ ಮಾವ ಗಾಡಿಯಲ್ಲಿ ತೆಂಗಿನ ಗರಿ, ಅತ್ತಿ ಸೊಪ್ಪು ಹೇರಿಕೊಂಡು ಬಂದರು. ಬನ್ನಿಮಂಟಪದ ಆಚೆ ಹುಡುಗಿಯ ಮನೆಯ ಹಿತ್ತಿಲು ಚಿಕ್ಕದು. ನುಗ್ಗೆ ಮರದ ಪಕ್ಕದಲ್ಲಿ ನಾಲ್ಕು ಗಳ ನೆಟ್ಟು, ಒಂದು ಎಳೆ ಬಿಸಿಲು ಒಳಗೆ ಬೀಳದ ಹಾಗೆ ಗರಿ ಹೆಣೆದರು. ನಾನು ಯೂನಿಫಾರಂ ಬಿಚ್ಚಿಟ್ಟು, ಹುಡುಗಿಗೆ ಹೊಲಿಗೆ ಕಲಿಸುವ ಟೀಚರಮ್ಮ ಎಂದು ಹೇಳಿಕೊಂಡು ದಿನಾ ಸಂಜೆ ಹೋಗುತ್ತಿದ್ದೆ. ಚೀಲದಲ್ಲಿ ಬಟ್ಟೆಯ ತುಂಡುಗಳ ಕೆಳಗೆ ಗಾಜಿನ ಕೊಳವೆ ಇರುತ್ತಿತ್ತು. ಮಾವ ನನ್ನನ್ನು ನೋಡಿ, "ಬನ್ನಿ ಟೀಚರಮ್ಮ, ನಮ್ಮುಡ್ಗಿಗೆ ರವಿಕೆ ಒಲಿಯೋದು ಚೆಂದಾಗಿ ಕಲಿಸಿ ಕಣ್ರವ್ವ, ನಮ್ಮನೆಗೆ ಬರೋವಳು" ಎಂದು ಬೀಗುತ್ತಿದ್ದರು. ಒಳ್ಳೆಯ ಮನುಷ್ಯ. ಮನೆಯವರು ಒಪ್ಪಿದರೆ ಅವರಿಗೆ ನಿಜ ಹೇಳಿಬಿಡಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿತು.

ಗುಡಿಸಲ ದಿನಗಳು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕಳೆದವು. ಹುಡುಗಿ ತಾನೇ ಸೂಜಿ ಹಾಕಿಕೊಂಡಳು. ತಾಯಿ ತೂಗಿದ ಮುದ್ದೆ, ಸೊಪ್ಪಿನ ಸಾರು ತಂದಿಟ್ಟು ಕೊನೆಗೆ ಅಡಿಕೆಯಷ್ಟು ಚಿಗಳಿಯನ್ನು ತಮ್ಮ ಕೈಯಾರೆ ಅವಳ ಬಾಯಿಗೆ ಹಾಕುತ್ತಿದ್ದರು. ಮಗಳಿಗೆ ಸಿಹಿ ತಿನ್ನಿಸಿ ಎಷ್ಟು ಕಾಲವಾಗಿತ್ತೋ, ಆಕೆಯ ಮುಖ ಆಗ ನೋಡುವ ಹಾಗಿರುತ್ತಿತ್ತು. ಕೊಳವೆಯ ಬಣ್ಣ ಹಸಿರನ್ನು ದಾಟಲಿಲ್ಲ. ಒಂದು ಸಂಜೆ ಮಾತ್ರ ಹಳದಿಯಾಯಿತು. ಯಾರೋ ಅಜ್ಜಿ ಬಲವಂತವಾಗಿ ತಂಬಿಟ್ಟು ತುರುಕಿದ್ದರಂತೆ. ಆ ರಾತ್ರಿ ಮುದ್ದೆಯನ್ನು ಅರ್ಧ ಮಾಡಿಸಿದೆ, ಬೆಳಗಾಗುವುದರೊಳಗೆ ಸರಿಹೋಯಿತು. ದೊಡ್ಡ ಡಾಕ್ಟರಿಗೆ ದಿನಾ ಬಂದು ಬಣ್ಣ ಹೇಳುತ್ತಿದ್ದೆ. "ಪರವಾಗಿಲ್ಲವಲ್ಲ" ಎಂದರು ಒಂದು ದಿನ. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಒಸಗೆಯ ದಿನ ನನಗೆ ವಾರ್ಡ್ ಬಿಡಲಾಗಲಿಲ್ಲ. ಇಬ್ಬರು ನರ್ಸುಗಳು ಜ್ವರವೆಂದು ಮಲಗಿದ್ದರು. ಮರುದಿನವೂ ಹಾಗೆಯೇ ಆಯಿತು. ಗುಡಿಸಲ ದಿನಗಳು ಮುಗಿದವಲ್ಲ, ಇನ್ನು ಮೊದಲಿನಂತೆ ತಂದೆ ನೋಡಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಅದರ ಮಾರನೆಯ ಬೆಳಿಗ್ಗೆ ಅವಳನ್ನು ಮೂರನೆಯ ಸಲ ಹೊತ್ತು ತಂದರು. ಈ ಸಲ ಹೊತ್ತಿದ್ದವರು ಮಾವ. ಹುಡುಗಿಗೆ ಹೊಸ ಸೀರೆ ಉಡಿಸಿದ್ದರು, ಕೈತುಂಬ ಹಸಿರು ಬಳೆ, ಕೆನ್ನೆಗೆ ಅರಿಸಿನ. ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು. ಉದ್ದುದ್ದ ಉಸಿರು ಎಳೆಯುತ್ತಿದ್ದಳು. ಹತ್ತಿರ ಬಗ್ಗಿದಾಗ ಮತ್ತೆ ಅದೇ ಕೊಳೆತ ಹಣ್ಣಿನ ವಾಸನೆ. ಹಿಂದಿನ ದಿನದಿಂದ ವಾಂತಿ, ದೃಷ್ಟಿಯಾಗಿದೆ ಎಂದು ನಿವಾಳಿಸುತ್ತ ಕೂತಿದ್ದರಂತೆ. ಕೊಳವೆಯನ್ನು ದೀಪಕ್ಕೆ ಹಿಡಿದ ಕೂಡಲೇ ಇಟ್ಟಿಗೆ ಕೆಂಪಾಯಿತು.

ಡಾಕ್ಟರು ಸಲೈನ್ ಹಾಕಿಸುತ್ತಿದ್ದಾಗ ನಾನು ಅವಳ ಕೆನ್ನೆ ತಟ್ಟಿ ಕೇಳಿದೆ. "ಸೂಜಿ ಹಾಕಿಕೊಂಡೆಯಾ ಪುಟ್ಟಿ?"

ಅವಳು ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು. "ಮಡಕೆ ಒಳಗೇ ಇತ್ತು ಅಕ್ಕ. ನಾನು ನೀರು ಉಯ್ಕಳಕ್ಕೆ ಓಗಿದ್ದೆ. ಮಾವ ಗುಡ್ಲು ಸುಟ್ಬುಟ್ರು."

"ಯಾಕೆ ಹೇಳಲಿಲ್ಲ ಕೂಸೇ? ಅಪ್ಪ ಬೇರೆ ತರುತ್ತಿದ್ದರಲ್ಲ!"

"ಅತ್ತೆ ಪಕ್ಕದಲ್ಲೇ ಇದ್ರು" ಎಂದಳು.

ಅಷ್ಟಕ್ಕೇ ಅವಳಿಗೆ ಪ್ರಜ್ಞೆ ತಪ್ಪಿತು. ಮಿಕ್ಕದ್ದು ನನಗೆ ಆಮೇಲೆ ತಾಯಿಯಿಂದ ತಿಳಿಯಿತು. ಒಸಗೆಯ ದಿನ ಹುಡುಗಿಗೆ ಹೆಂಗಸರು ನೀರು ಹಾಕುತ್ತಿರುವಾಗ, ಗುಡಿಸಲು ಕಟ್ಟಿದ ಸೋದರಮಾವನೇ ಅದನ್ನು ಕಿತ್ತು, ಒಳಗಿನ ಚಾಪೆ, ಮಡಕೆ ಸಮೇತ ಸುಡುವುದು ಅವರ ಪದ್ಧತಿ. ಅವಳು ಮುಟ್ಟಿದ್ದು ಯಾವುದೂ ಉಳಿಯಬಾರದು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ತೋಚಿರಲಿಲ್ಲ. ತಾಯಿ ಅಡುಗೆಯ ಗಡಿಬಿಡಿಯಲ್ಲಿ, "ಮಡಕೆ ಎತ್ತಿಟ್ಯಾ?" ಎಂದು ಪಿಸುಮಾತಿನಲ್ಲಿ ಕೇಳಿದ್ದಕ್ಕೆ ಹುಡುಗಿ, "ಊಂ, ಎತ್ತಿಟ್ಟಿವ್ನಿ" ಎಂದಿದ್ದಳಂತೆ. ತಂದೆ ಬಾಗಿಲ ಹೊರಗಿನಿಂದ, "ಆಯ್ತಾ ಮಗ?" ಎಂದದ್ದಕ್ಕೂ, "ಆಯ್ತು ಅಪ್ಪ" ಎಂದಿದ್ದಳು. ಒಸಗೆಗೆ ಬಂದಿದ್ದ ಮಾವನ ಹೆಂಡತಿ ಮದುವೆಯ ಮಾತು ಮುಗಿಸಿ ವೀಳ್ಯ ಹಿಡಿಯುವವರೆಗೆ ತಡೆದುಕೊಂಡರೆ ಸಾಕು ಎಂದು ಆ ಮಗು ಅಂದುಕೊಂಡಿತ್ತು. ಜೊತೆಗೆ ಆರತಿಯ ಸಿಹಿ, ಪಾಯಸ, ಎಲ್ಲರೆದುರು ಬೇಡವೆನ್ನಲಾಗದೆ ತಿಂದದ್ದು.

ಮಡಕೆ ಸುಟ್ಟುಹೋದದ್ದನ್ನು ಡಾಕ್ಟರಿಗೆ ಹೇಳಿದೆ. ಬೇಗ ಕೆಲಸ ಮಾಡುವ ತಿಳಿ ಇನ್ಸುಲಿನ್ ಅನ್ನು ಗಂಟೆ ಗಂಟೆಗೂ ಕೊಟ್ಟೆವು. ಸಲೈನ್ ಬಾಟಲಿ ಬದಲಾಯಿಸುತ್ತಲೇ ಇದ್ದೆವು. ಮಧ್ಯಾಹ್ನದ ಹೊತ್ತಿಗೆ ಬಣ್ಣ ಸ್ವಲ್ಪ ಇಳಿಯಿತು, ನನಗೆ ಆಸೆ ಚಿಗುರಿತು. ಆದರೆ ನಾಡಿ ಸಿಗುತ್ತಿರಲಿಲ್ಲ. ಸಂಜೆ ಕಾಫಿಯ ಹೊತ್ತಿಗೆ ಆ ದೊಡ್ಡ ಉಸಿರು ನಿಂತುಹೋಯಿತು. ಬಳೆಗಳನ್ನು ತೆಗೆಯಲು ನನ್ನಿಂದ ಆಗಲಿಲ್ಲ, ಇನ್ನೊಬ್ಬ ನರ್ಸು ತೆಗೆದಳು. ನಾನು ಪಥ್ಯದ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಹೊರಗೆ ಬಂದಾಗ ವರಾಂಡದಲ್ಲಿ ಹುಡುಗಿಯ ಅತ್ತೆಯ ದನಿ ಕೇಳುತ್ತಿತ್ತು. ಕಾಯಿಲೆ ಮುಚ್ಚಿಟ್ಟು ತಮಗೆ ಕಟ್ಟಲು ನೋಡಿದರು, ಸಕ್ಕರೆ ಕಾಯಿಲೆಯ ಮಗುವಿಗೆ ಹೆತ್ತವಳೇ ಚಿಗಳಿ ತಿನ್ನಿಸಿ ಕೊಂದಳು ಎಂದು ಆಕೆ ಕೂಗಾಡುತ್ತಿದ್ದರು. ತಂದೆ ಜಟಕಾ ಗೊತ್ತು ಮಾಡಲು ಹೋಗಿದ್ದರು. ತಾಯಿ ಕಂಬದ ಬುಡದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಇಷ್ಟು ತಿಂಗಳ ಲೆಕ್ಕ, ತೂಕ, ಆ ಅಡಿಕೆಯಷ್ಟು ಚಿಗಳಿ, ಒಂದೂ ತಪ್ಪಿರಲಿಲ್ಲ. ಕೊಂದದ್ದು ಚಿಗಳಿಯಲ್ಲ, ಸೂಜಿ ಇಲ್ಲದೆ ಕಳೆದ ದಿನಗಳು ಎಂದು ಎಲ್ಲರೆದುರು ಹೇಳಿಬಿಡಬೇಕೆಂದು ಹೊರಟೆ. ತಾಯಿ ಎದ್ದು ಬಂದು ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದರು.

"ಮಗ ಒಳಗೆ ನಿಮ್ಮತ್ರ ಏಳಿದ್ದು ನಂಗೂ ಕೇಳುಸ್ತು ನರ್ಸಮ್ಮ."

"ಹಾಗಾದರೆ ಗೊತ್ತಲ್ಲ ನಿಮಗೆ. ನಿಮ್ಮ ಕೈಯಲ್ಲಿ ಏನೂ ತಪ್ಪಾಗಿಲ್ಲಮ್ಮ. ಚಿಗಳಿಯಿಂದ ಆಗಿದ್ದಲ್ಲ."

"ಅಂಗಂದ್ರೆ ಇನ್ಯಾತರಿಂದ ಅಂತ ಕೇಳ್ತಾರೆ. ಗುಡ್ಲು ಸುಟ್ಟೋನು ನಮ್ಮಣ್ಣ. ಮಗೀನ ಔಸ್ತಿ ಸುಟ್ಬುಟ್ಟೆ ಅಂತ ಗೊತ್ತಾದ್ರೆ ಅವ್ನು ಉಳೀತಾನಾ? ನನ್ನೆದೆ ಎಂಗೂ ಒಡ್ದೋಗೈತೆ ನರ್ಸಮ್ಮ. ಅವ್ನುದೂ ಯಾಕೆ ಒಡೀಬೇಕು? ಚಿಗಳಿನೇ ಅಂದ್ಕಳ್ಳಿ ಬುಡಿ."

"ಜನ್ಮವೆಲ್ಲ ನಿಮ್ಮನ್ನೇ ಆಡಿಕೊಳ್ಳುತ್ತಾರೆ."

"ಆಡ್ಕಳ್ಳಿ."

ನಾನು ಇನ್ನೂ ಏನೋ ಹೇಳಲಿದ್ದೆ. ಅಷ್ಟರಲ್ಲಿ ಮಾವ ನಮ್ಮ ಕಡೆ ಬಂದರು. ಬಿಳಿ ಯೂನಿಫಾರಮ್ಮಿನಲ್ಲಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹೊಲಿಗೆ ಟೀಚರಮ್ಮ ಯಾರೆಂದು ಅವರಿಗೆ ಆಗ ಅರ್ಥವಾಗಿರಬೇಕು. ತೋಳಿನ ಮೇಲೆ ಇನ್ನೂ ಹುಡುಗಿಯ ಅರಿಸಿನ ಮೆತ್ತಿಕೊಂಡಿತ್ತು. "ನೀವಾರ ನಿಜ ಏಳಿ ನರ್ಸಮ್ಮ. ನಮ್ಮೆಂಗಸ್ರು ಕೂಗಾಡ್ತಾವ್ರೆ. ಚಿಗಳಿಯಿಂದ್ಲೇನಾ ಆಗಿದ್ದು?" ಎಂದು ಕೇಳಿದರು.

ತಾಯಿ ನನ್ನ ರಟ್ಟೆಯನ್ನು ಬಿಟ್ಟಿರಲಿಲ್ಲ.

"ಹೌದಪ್ಪ" ಎಂದೆ. "ಚಿಗಳಿ ಜಾಸ್ತಿಯಾಯಿತು."

ಅವರು ತಂಗಿಯ ಕಡೆ ತಿರುಗಿದರು. ದನಿ ಎತ್ತಲೂ ಇಲ್ಲ. "ಕೈಯಾರೆ ಕೊಂದ್ಬುಟ್ಯಲ್ಲೇ" ಎಂದರು.

"ಊಂ ಕಣಣ್ಣ" ಎಂದರು ಆಕೆ.